ಅಡ್ಡಹೆಸರೋ, ಮನೆತನದ ಹೆಸರೋ?

ಪೋರ್ಚುಗೀಸ್ ಭಾಷೆಯ ದಾಖಲೆ ಅನುವಾದಕ್ಕೆ ಬಂದಾಗಲೆಲ್ಲ ನಾನು ಮೊದಲು ನೋಡುವುದು, ಅದನ್ನು ಕೊಟ್ಟ ದೇಶ ಯಾವುದು ಎಂದು. ‘ಅಪೆಲಿದು’ ಎಂಬ ಒಂದೇ ಪದ ಇದಕ್ಕೆ ಕಾರಣ. ಪೋರ್ಚುಗಲ್‌ನ ಪಾಸ್‌ಪೋರ್ಟಿನಲ್ಲಿ ಅದು ಮನೆತನದ ಹೆಸರು. ಬ್ರೆಜಿಲ್‌ನಲ್ಲಿ ಗೆಳೆಯರು ಕರೆಯುವ ಹೆಸರು. ಎಡ್ಸನ್ ಅರಾಂತೆಸ್ ದೊ ನಾಸಿಮೆಂತೊ ಅವರ ಅಪೆಲಿದು ಏನೆಂದು ಬ್ರೆಜಿಲ್‌ನಲ್ಲಿ ಕೇಳಿದರೆ ‘ಪೆಲೆ’ ಎನ್ನುತ್ತಾರೆ. ಲಿಸ್ಬನ್‌ನ ಕಚೇರಿಯಲ್ಲಿ ‘ನಾಸಿಮೆಂತೊ’ ಎಂದು ಬರೆದುಕೊಳ್ಳುತ್ತಾರೆ.

ಬ್ರೆಜಿಲ್‌ನವರು ಮನೆತನದ ಹೆಸರಿಗೆ ‘ಸೋಬ್ರೆನೋಮಿ’ ಎನ್ನುತ್ತಾರೆ. ಸ್ಪ್ಯಾನಿಷ್ ಬಲ್ಲವರು ಎಡವುವುದು ಇಲ್ಲೇ. ಸ್ಪ್ಯಾನಿಷ್‌ನ ‘ಸೋಬ್ರೆನೋಂಬ್ರೆ’, ಸ್ಪೇನಿನದೇ ಇನ್ನೊಂದು ಭಾಷೆ ಕ್ಯಾಟಲನ್‌ನ ‘ಸೊಬ್ರನೋಮ್’ ಎರಡೂ ಜನರು ಇಟ್ಟ ಹೆಸರುಗಳು, ಬಿರುದುಗಳು. 13ನೇ ಶತಮಾನದ ಅರಗಾನಿನ ದೊರೆ ಒಂದನೇ ಜೌಮೆಗೆ ‘ವಿಜೇತ’ ಎಂಬುದು ಸೊಬ್ರನೋಮ್. ಮನೆತನದ ಹೆಸರು ಸ್ಪ್ಯಾನಿಷ್‌ನಲ್ಲಿ ‘ಅಪೆಯಿದೊ’, ಕ್ಯಾಟಲನ್‌ನಲ್ಲಿ ‘ಕುಗ್ನೋಮ್’. ಹೀಗೆ ಸ್ಪೇನಿಗೂ ಬ್ರೆಜಿಲ್‌ಗೂ ನಡುವೆ ಎರಡು ಪದಗಳು ಪೂರ್ತಿ ಅದಲುಬದಲಾಗಿವೆ. ‘ಅಡ್ಡಹೆಸರು’ ಎಂದರೆ ಧಾರವಾಡದ ಕಡೆ ಮನೆತನದ ಹೆಸರು, ದಕ್ಷಿಣದ ಜಿಲ್ಲೆಗಳಲ್ಲಿ ಅನೇಕರಿಗೆ ಗೆಳೆಯರಿಟ್ಟ ಹೆಸರು. ಹಾಗಾಗಿ ಈ ಗೊಂದಲ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ.

ಪದ ಸರಿಯಾಗಿ ತಿಳಿದ ಮೇಲೂ ಹೆಸರುಗಳ ಸಾಲು ಕಾಡುತ್ತದೆ. ಸ್ಪೇನಿನ ರೂಢಿಯಲ್ಲಿ ತಂದೆಯ ಮನೆತನ ಮೊದಲು, ತಾಯಿಯದು ಆಮೇಲೆ. ಕ್ಯಾಟಲನ್‌ನಲ್ಲಿ ನಡುವೆ ‘ಮತ್ತು’ ಎಂಬರ್ಥದ ‘ಇ’ ಸೇರುವುದುಂಟು: ವಾಸ್ತುಶಿಲ್ಪಿ ಆಂತೊನಿ ಗೌದಿ ಇ ಕುರ್ನೆತ್. ಇಲ್ಲಿ ಗೌದಿ ತಂದೆಯ ಕಡೆಯದು. ಪೋರ್ಚುಗೀಸರಲ್ಲಿ ಸಾಮಾನ್ಯವಾಗಿ ತಾಯಿಯ ಮನೆತನ ಮೊದಲು ಬಂದು ತಂದೆಯದು ಕೊನೆಗೆ ನಿಲ್ಲುತ್ತದೆ. ಕವಿ ಫೆರ್ನಾಂದು ಆಂತೋನಿಯು ನುಗೈರ ಪೆಸೊವ ಅವರಿಗೆ ನುಗೈರ ತಾಯಿಯಿಂದ, ಪೆಸೊವ ತಂದೆಯಿಂದ ಬಂದದ್ದು. ಆದ್ದರಿಂದಲೇ ಗ್ರಂಥಾಲಯದ ಪಟ್ಟಿಯಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆದ ಕಾದಂಬರಿಕಾರ ಗಾರ್ಸಿಯಾ ಮಾರ್ಕೆಸ್ ಅವರನ್ನು ‘ಗಾರ್ಸಿಯಾ’ದಡಿ ಹುಡುಕಬೇಕು, ಪೆಸೊವರನ್ನು ಕೊನೆಯ ಹೆಸರಿನಡಿ. ಗೋವೆಯ ಪೋರ್ಚುಗೀಸ್ ಕಾಲದ ಜನನ ದಾಖಲೆ ಹಿಡಿದು ಪೋರ್ಚುಗಲ್‌ನ ಪೌರತ್ವಕ್ಕೆ ಲಿಸ್ಬನ್‌ಗೆ ಅರ್ಜಿ ಹಾಕುವವರು ಈ ಕ್ರಮವನ್ನು ಗಮನದಲ್ಲಿಡಲೇಬೇಕು. ಕೊನೆಯ ಹೆಸರನ್ನು ಸ್ಪ್ಯಾನಿಷ್ ಲೆಕ್ಕದಲ್ಲಿ ತಾಯಿಯದೆಂದು ಓದಿದರೆ ವಂಶವೃಕ್ಷವೇ ತಪ್ಪುತ್ತದೆ.

ಸ್ನೇಹಿತರಿಟ್ಟ ಹೆಸರು ದಾಖಲೆಯಲ್ಲಿ ಬರುವುದೇ ಇಲ್ಲ ಎಂದೂ ತಿಳಿಯಬಾರದು. ಬ್ರೆಜಿಲ್‌ನ ರಾಜಕಾರಣಿ ಲೂಯಿಸ್ ಇನಾಸಿಯೊ ದ ಸಿಲ್ವ ಅವರು 1982ರಲ್ಲಿ ‘ಲೂಲ’ ಎಂಬ ತಮ್ಮ ಅಪೆಲಿದುವನ್ನು ಕಾನೂನುಬದ್ಧವಾಗಿ ಹೆಸರಿಗೆ ಸೇರಿಸಿಕೊಂಡರು. ಅಂಥ ದಾಖಲೆ ಬಂದರೆ ‘ಲೂಲ’ವನ್ನು ಆವರಣ ಚಿಹ್ನೆಯೊಳಗೆ ತಳ್ಳುವಂತಿಲ್ಲ. ಅದು ಈಗ ಪೂರ್ಣ ಹೆಸರಿನ ಭಾಗ.