ಮೇಮೊ ಸಮುದಾಯ: ಬೀಗದ ಕೈ ಯಾರ ಬಳಿ ಇತ್ತು?

ಓಪನ್ ಸೋರ್ಸ್ ಮೊಬೈಲ್ ಎಂದ ಕೂಡಲೇ ಎಲ್ಲರಿಗೂ ಆಂಡ್ರಾಯ್ಡ್ ನೆನಪಾಗುತ್ತದೆ. ಡೆವಲಪರ್ ಸಮುದಾಯ ಕಟ್ಟುವುದನ್ನು ಕಲಿಯಲು ಅದು ಅಷ್ಟೇನೂ ಒಳ್ಳೆಯ ಉದಾಹರಣೆಯಲ್ಲ. ಅಲ್ಲಿಗೆ ಜನ ಬಂದದ್ದು ಮುಖ್ಯವಾಗಿ ಮಾರುಕಟ್ಟೆ ದೊಡ್ಡದೆಂದು. ಅದಕ್ಕಿಂತ ನೋಕಿಯಾದ ಮೇಮೊ, ಅಂದರೆ ಪುಟ್ಟ ಟ್ಯಾಬ್ಲೆಟ್ ಮತ್ತು ಫೋನಿಗೆಂದು ಅದು ಮಾಡಿದ ಲಿನಕ್ಸ್ ಆಪರೇಟಿಂಗ್ ಸಿಸ್ಟಂ, ಹೆಚ್ಚು ಕಲಿಸುತ್ತದೆ. ಮಾರುಕಟ್ಟೆ ಸಣ್ಣದು, ಆಯುಷ್ಯವೂ ಕಡಿಮೆ. ಹಾಗಿದ್ದೂ ಕಂಪನಿ ಕೈಬಿಟ್ಟ ಮೇಲೆ ಸಮುದಾಯ ಉಳಿಯಿತು. ಓದುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ನೋಕಿಯಾವನ್ನು ಕೇಳದೆ ಹೊರಗಿನವರು ಏನೇನು ಮಾಡಬಹುದಿತ್ತು?

ಮೊದಲ ಜನ ಬಂದದ್ದು ಎಲ್ಲಿಂದ

2005ರಲ್ಲಿ ನೋಕಿಯಾ 770 ಬಂತು. ಅದು ಫೋನ್ ಅಲ್ಲ, ಸಿಮ್ ಇಲ್ಲದ ಪುಟ್ಟ ಇಂಟರ್ನೆಟ್ ಟ್ಯಾಬ್ಲೆಟ್. ಒಳಗೆ ಡೆಬಿಯನ್ (ಸ್ವಯಂಸೇವಕರು ಕಟ್ಟುವ ಲಿನಕ್ಸ್ ಆವೃತ್ತಿ) ಮೂಲದ ಲಿನಕ್ಸ್, ಮೇಲೆ ಕಂಪ್ಯೂಟರ್ ಪರದೆಯ ಕಿಟಕಿ, ಗುಂಡಿ ಮೂಡಿಸುವ ಜಿಟಿಕೆ ಮತ್ತು ಗ್ನೋಮ್ ಬಳಗದ ಲೈಬ್ರರಿಗಳು. ಹೊಸ ಡೆವಲಪರ್‌ಗಳನ್ನು ಶೂನ್ಯದಿಂದ ತಯಾರು ಮಾಡುವ ಗೋಜಿಗೆ ನೋಕಿಯಾ ಹೋಗಲಿಲ್ಲ. ಗ್ನೋಮ್, ಡೆಬಿಯನ್ ಕಡೆ ಆಗಲೇ ಕೆಲಸ ಮಾಡುತ್ತಿದ್ದವರನ್ನು ಹುಡುಕಿ ರಿಯಾಯಿತಿ ದರದಲ್ಲಿ ಸಾಧನ ಕೊಟ್ಟಿತು. ಅವರಿಗೆ ಪ್ಯಾಕೇಜ್ ಮಾಡುವ, ಅಂದರೆ ಪ್ರೋಗ್ರಾಂ ಅನ್ನು ಇನ್‌ಸ್ಟಾಲ್ ಮಾಡಲು ಬರುವಂತೆ ಕಟ್ಟಿ ಕೊಡುವ ವಿಧಾನ ಗೊತ್ತೇ ಇತ್ತು. ಹೊಸದಾಗಿ ಕಲಿಯಬೇಕಿದ್ದದ್ದು ಹಿಲ್ಡನ್ ಎಂಬ ಪರದೆಯ ಚೌಕಟ್ಟು, ಆರ್ಮ್ ಚಿಪ್‌ಗೆ ಪಿಸಿಯಲ್ಲೇ ಕಂಪೈಲ್ ಮಾಡಲು ಬೇಕಾದ ಸ್ಕ್ರ್ಯಾಚ್‌ಬಾಕ್ಸ್, ಇಷ್ಟೇ. ಬಹುಮಾನ ಇಟ್ಟು ಆ್ಯಪ್ ಸ್ಪರ್ಧೆ ನಡೆಸುವುದಕ್ಕಿಂತ ಈ ದಾರಿ ಎಷ್ಟೋ ಮೇಲು ಎಂದು ನನ್ನ ಅಭಿಪ್ರಾಯ.

ಎಕ್ಸ್‌ಟ್ರಾಸ್: ಇಲ್ಲಿ ನಿಧಾನವಾಗಿ ಓದಿ

ಇಡೀ ಕಥೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ ಇದು. 2009ರಲ್ಲಿ ಎನ್‌900 ಫೋನ್ ಬಂದಾಗ ಅದರಲ್ಲಿದ್ದ ಮೇಮೊ 5ಕ್ಕೆ ಆ್ಯಪ್ ಸೇರಿಸುವ ದಾರಿ ಮೂರು ಹಂತದ್ದು, ಪ್ರತಿ ಹಂತಕ್ಕೂ ಒಂದು ಆ್ಯಪ್ ಭಂಡಾರ. ಡೆವಲಪರ್ ಮೊದಲು ಎಕ್ಸ್‌ಟ್ರಾಸ್-ಡೆವೆಲ್‌ಗೆ ಹಾಕುತ್ತಾನೆ. ಅಲ್ಲಿ ಏನು ಬೇಕಾದರೂ ಮುರಿದಿರಬಹುದು. ಅಲ್ಲಿಂದ ಎಕ್ಸ್‌ಟ್ರಾಸ್-ಟೆಸ್ಟಿಂಗ್. ಅಲ್ಲಿ ಕನಿಷ್ಠ 10 ದಿನ ಕಾಯಬೇಕು, ಪರೀಕ್ಷಿಸಿದವರಿಂದ 10 ಒಪ್ಪಿಗೆ ವೋಟು ಸಿಗಬೇಕು. ಆಮೇಲಷ್ಟೇ ಸಾಮಾನ್ಯ ಬಳಕೆದಾರರಿಗೆ ಕಾಣುವ ಎಕ್ಸ್‌ಟ್ರಾಸ್.

ಪರೀಕ್ಷಕರ ಕೈಯಲ್ಲಿ ಒಂದು ಪಟ್ಟಿ ಇರುತ್ತಿತ್ತು. ಬ್ಯಾಟರಿ ತಿನ್ನುತ್ತದೆಯೇ? ದೋಷ ವರದಿ ಮಾಡಲು ವಿಳಾಸ ಕೊಟ್ಟಿದ್ದಾರೆಯೇ? ಇನ್ನೊಂದು ಮುಖ್ಯ ಅಂಶ, ಆ್ಯಪ್ ತನ್ನ ಫೈಲುಗಳನ್ನು ಮೂಲ ಸಿಸ್ಟಂನ ಜಾಗದ ಹೊರಗಿದ್ದ ಆಪ್ಟ್ (/opt) ಡೈರೆಕ್ಟರಿಗೆ ಹಾಕುತ್ತದೆಯೇ? ಎನ್‌900ನಲ್ಲಿ 32 ಜಿಬಿ ಜಾಗವಿದ್ದರೂ ಮೂಲ ಸಿಸ್ಟಂ ಕೂತಿದ್ದ ಭಾಗ ಬರೀ 256 ಎಂಬಿ. ನಾಲ್ಕಾರು ಆ್ಯಪ್‌ಗಳು ಅಜಾಗರೂಕತೆಯಿಂದ ಅಲ್ಲೇ ಕೂತರೆ ಜಾಗ ತುಂಬಿ ಫೋನ್ ಅಪ್‌ಡೇಟ್ ಆಗುವುದೇ ಕಷ್ಟ. ಅಂದರೆ ಹಾರ್ಡ್‌ವೇರಿನ ಒಂದು ಇಕ್ಕಟ್ಟು ನೇರವಾಗಿ ಸಮುದಾಯದ ನಿಯಮವಾಯಿತು. ಆ ನಿಯಮ ಜಾರಿ ಮಾಡಿದವರು ಸಂಬಳದವರಲ್ಲ, ಬಳಕೆದಾರರೇ.

ತೊಂದರೆಯೂ ಇಲ್ಲೇ. ಆ್ಯಪ್ ಬರೆಯುವವರಷ್ಟು ಪರೀಕ್ಷಿಸುವವರು ಸಿಗಲಿಲ್ಲ. ಜನಪ್ರಿಯವಲ್ಲದ, ಆದರೆ ಸರಿಯಾಗಿಯೇ ಇದ್ದ ಆ್ಯಪ್‌ಗಳು ಹತ್ತು ವೋಟು ಸಿಗದೆ ಕ್ಯೂನಲ್ಲೇ ಉಳಿದವು. ಕಾದು ಬೇಸತ್ತ ಬಳಕೆದಾರರು ಎಚ್ಚರಿಕೆಯನ್ನೂ ಲೆಕ್ಕಿಸದೆ ಎಕ್ಸ್‌ಟ್ರಾಸ್-ಡೆವೆಲ್ ಆನ್ ಮಾಡಿಕೊಂಡರು, ಕೆಲವರು ಫೋನ್ ಕೆಡಿಸಿಕೊಂಡರು. ನಿಯಮ ರೂಪಿಸುವಾಗ ಅದನ್ನು ನಡೆಸಲು ಎಷ್ಟು ಜನ ಬೇಕೆಂದೂ ಎಣಿಸಬೇಕಿತ್ತು.

ಕೌನ್ಸಿಲ್

2008ರಿಂದ ಐದು ಜನರ ಚುನಾಯಿತ ಸಮುದಾಯ ಕೌನ್ಸಿಲ್ ಇತ್ತು, ಅವಧಿ ಆರು ತಿಂಗಳು. ವೋಟಿನ ಹಕ್ಕು ಬರುತ್ತಿದ್ದದ್ದು ಕರ್ಮ ಅಂಕಗಳಿಂದ: ದೋಷ ವರದಿ, ದಾಖಲೆ ಬರೆಯುವುದು, ಆ್ಯಪ್ ಕೊಡುವುದು, ಹೀಗೆ ಮಾಡಿದ ಕೆಲಸಕ್ಕೆಲ್ಲ ಅಂಕ. ಹೌದು, ನಮ್ಮ ಕರ್ಮವೇ! ಆದರೆ ಕೌನ್ಸಿಲ್ ಬಾಡಿಗೆದಾರರ ಸಂಘವಿದ್ದ ಹಾಗೆ. ದೂರು ಹೇಳಬಹುದು, ಗೋಡೆ ಒಡೆಸಬೇಕೆಂದರೆ ಮಾಲೀಕರೇ ಒಪ್ಪಬೇಕು. ಸರ್ವರ್ ನೋಕಿಯಾದ್ದು, ದಾಖಲೆ ಮತ್ತು ದೋಷಪಟ್ಟಿ ನೋಡಿಕೊಳ್ಳುವವರ ಸಂಬಳವೂ ನೋಕಿಯಾದ್ದೇ.

ಮುಚ್ಚಿದ ತುಣುಕುಗಳು

ಮೇಮೊದ ಕೋಡ್ ಬಹುಪಾಲು ತೆರೆದಿತ್ತು, ಪೂರ್ತಿ ಅಲ್ಲ. ಬ್ಯಾಟರಿ ಚಾರ್ಜ್ ಮಾಡುವ ಬಿಎಂಇ ಎಂಬ ಪ್ರೋಗ್ರಾಂ ಮುಚ್ಚಿತ್ತು, ಗ್ರಾಫಿಕ್ಸ್ ಡ್ರೈವರ್ ಕೂಡ. ಗ್ರಾಫಿಕ್ಸ್ ವಿಷಯದಲ್ಲಿ ನೋಕಿಯಾ ಮನಸ್ಸು ಮಾಡಿದ್ದರೂ ತೆರೆಯಲಾಗುತ್ತಿರಲಿಲ್ಲ, ಅದು ಬೇರೆ ಕಂಪನಿಯ ಸೊತ್ತು. ನೋಕಿಯಾ ಫೋನ್ ಮಾರುತ್ತಿದ್ದ ತನಕ ಇವು ಸಣ್ಣ ವಿಷಯ. ನಿರ್ವಹಣೆ ಹೊರಗಿನವರ ಹೆಗಲಿಗೆ ಬಿದ್ದ ದಿನ ಇವೇ ದೊಡ್ಡ ವಿಷಯ.

ಆ ದಿನ ಬೇಗ ಬಂತು. 2010ರ ಫೆಬ್ರವರಿಯಲ್ಲಿ ಮೇಮೊ ಮತ್ತು ಇಂಟೆಲ್‌ನ ಮೊಬ್ಲಿನ್ ಎಂಬ ಲಿನಕ್ಸ್ ಸಿಸ್ಟಂ ಸೇರಿ ಮೀಗೊ ಎಂಬ ಒಂದೇ ಸಿಸ್ಟಂ ಆಗುತ್ತದೆ ಎಂದು ಘೋಷಣೆಯಾಯಿತು. ಇನ್ನೊಂದು ಫೆಬ್ರವರಿ ಬರುವಷ್ಟರಲ್ಲಿ, ಅಂದರೆ 2011ರ ಫೆಬ್ರವರಿ 11ರಂದು, ನೋಕಿಯಾ ವಿಂಡೋಸ್ ಫೋನ್ ಕಡೆ ಹೊರಟಿತು. ಎನ್‌900ಗೆ ತಿದ್ದುಪಡಿ ಕೊಡುವ ಕೆಲಸವನ್ನು ಸಮುದಾಯ ಸಿಎಸ್‌ಎಸ್‌ಯು ಎಂಬ ತನ್ನದೇ ಅಪ್‌ಡೇಟ್ ಮೂಲಕ ಮುಂದುವರಿಸಿತು. ಕೋಡ್ ತೆರೆದಿದ್ದ ಕಡೆ ಅದು ಸಲೀಸು. ಮುಚ್ಚಿದ್ದ ಕಡೆ ಪ್ರೋಗ್ರಾಂನ ನಡವಳಿಕೆ ನೋಡಿ ನೋಡಿ ಬದಲಿ ಬರೆಯಬೇಕಾಯಿತು. ಚಾರ್ಜಿಂಗ್ ಡ್ರೈವರ್ ಹೀಗೆ ಕೊನೆಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೇ ಸೇರಿತು. ಸರ್ವರುಗಳನ್ನು ನಡೆಸಲು 2012ರಲ್ಲಿ ಹಿಲ್ಡನ್ ಫೌಂಡೇಶನ್ ಹುಟ್ಟಿತು, ಮುಂದೆ ಆ ಹೊಣೆ ಜರ್ಮನಿಯಲ್ಲಿ ನೋಂದಾಯಿಸಿದ ಸಂಘಕ್ಕೆ ಹೋಯಿತು.

ಹೋಲಿಸಿ ನೋಡಲು

ಇದೇ ಪ್ರಶ್ನೆ ಇಟ್ಟುಕೊಂಡು ಸಯನೋಜೆನ್‌ಮಾಡ್ ಕಥೆ ಓದಿ, ಅದು ಆಂಡ್ರಾಯ್ಡ್ ಕೋಡ್ ತೆಗೆದುಕೊಂಡು ಸಮುದಾಯ ಕಟ್ಟಿದ ಫೋನ್ ಸಿಸ್ಟಂ. 2016ರ ಡಿಸೆಂಬರ್‌ನಲ್ಲಿ ಅದರ ಹಿಂದಿದ್ದ ಕಂಪನಿ ಸೇವೆಗಳನ್ನು ನಿಲ್ಲಿಸಿತು. ಕೋಡ್ ಎಲ್ಲರದಾಗಿದ್ದರಿಂದ ಕೆಲಸ ಹೆಚ್ಚು ಕಡಿಮೆ ನಿಲ್ಲಲೇ ಇಲ್ಲ. ಹೆಸರು ಕಂಪನಿಯದಾಗಿದ್ದರಿಂದ ಲೀನಿಯೇಜ್ ಓಎಸ್ ಎಂದು ಹೊಸ ಹೆಸರಿಡಬೇಕಾಯಿತು, ಕೋಡ್‌ನಿಂದ ಸಿಸ್ಟಂ ತಯಾರಿಸುವ ಬಿಲ್ಡ್ ಸರ್ವರುಗಳನ್ನೂ ಹೊಸದಾಗಿ ಹೊಂದಿಸಬೇಕಾಯಿತು. ಮೇಮೊದ ಬದಿಗೆ ಸೇಲ್‌ಫಿಶ್ ಓಎಸ್ ಅನ್ನೂ ಇಟ್ಟು ನೋಡಬಹುದು: ನೋಕಿಯಾ ಬಿಟ್ಟು ಬಂದವರು 2011ರಲ್ಲಿ ಕಟ್ಟಿದ ಯೊಲ್ಲಾ ಕಂಪನಿಯ ಸಿಸ್ಟಂ ಅದು. ಅಡಿಪಾಯ ತೆರೆದದ್ದು, ಪರದೆಯ ಭಾಗ ಮಾತ್ರ ವರ್ಷಗಟ್ಟಲೆ ಮುಚ್ಚಿಯೇ ಇತ್ತು.