ಊದದ ಕೆಚ್ಚಲಿನೊಳಗಿನ ಬಾವು

ಕೆಚ್ಚಲು ಊದಿ, ಮುಟ್ಟಿದರೆ ಬಿಸಿಯೆನಿಸಿ, ಹಾಲಿನಲ್ಲಿ ಗರಣೆ ಬಿದ್ದರೆ ಅದು ಕೆಚ್ಚಲು ಬಾವು ಎಂದು ದಾವಣಗೆರೆ, ಚಿತ್ರದುರ್ಗದ ಹೈನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ತೊಡಕಿರುವುದು ಊದದ ಕೆಚ್ಚಲಿನಲ್ಲಿ. ಹಸು ಮೇಯುತ್ತದೆ, ಮೆಲುಕು ಹಾಕುತ್ತದೆ, ಹಾಲು ಬೆಳ್ಳಗೇ ಇರುತ್ತದೆ. ಒಳಗೆ ಮಾತ್ರ ಸೋಂಕು ಮನೆ ಮಾಡಿರುತ್ತದೆ. ಪಶುವೈದ್ಯರು ಇದನ್ನು ಸುಪ್ತ ಕೆಚ್ಚಲು ಬಾವು ಎನ್ನುತ್ತಾರೆ.

ಇದು ಎಷ್ಟು ಹಸುಗಳಲ್ಲಿದೆ ಎಂದು ಕೇಳಿದರೆ ಒಬ್ಬರು ಕಾಲು ಭಾಗ ಎನ್ನುತ್ತಾರೆ, ಇನ್ನೊಬ್ಬರು ಅರ್ಧಕ್ಕರ್ಧ ಎನ್ನುತ್ತಾರೆ. ಇಬ್ಬರೂ ಸರಿಯಿರಬಹುದು. ಕೆಚ್ಚಲಿಗೆ ನಾಲ್ಕು ಭಾಗ, ಒಂದೊಂದಕ್ಕೂ ಬೇರೆ ಮೊಲೆತೊಟ್ಟು. ಒಂದೇ ಭಾಗಕ್ಕೆ ಸೋಂಕಿದ್ದರೂ ಹಸುವಿನ ಲೆಕ್ಕದಲ್ಲಿ ಅದು ರೋಗದ ಹಸು, ಕೆಚ್ಚಲಿನ ಲೆಕ್ಕದಲ್ಲಿ ನಾಲ್ಕರಲ್ಲಿ ಒಂದು. ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ ಸುಪ್ತ ಬಾವಿನ ಪ್ರಮಾಣ ಸುಮಾರು ಶೇ 45, ಕಣ್ಣಿಗೆ ಕಾಣುವ ಬಾವಿನದು ಶೇ 18ರ ಆಸುಪಾಸು. ಚಿಕಿತ್ಸೆಗೆ ಬರುವ ಹಸುಗಳಿಗಿಂತ ಬಾರದವೇ ಹೆಚ್ಚು ಎಂಬುದಂತೂ ಸ್ಪಷ್ಟ.

ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಗಿ, ಚಳ್ಳಕೆರೆಯ ಕಾವಲುಗಳಲ್ಲಿ ಆ ತಳಿಯ ದನಗಳು ಮೇದು, ಕೊನೆಗೆ ಕೊಟ್ಟಿಗೆಗೆ ಮಿಶ್ರತಳಿ ಬರುವ ಹೊತ್ತಿಗೆ ಮುನ್ನೂರು ವರ್ಷಗಳೇ ಕಳೆದಿದ್ದವು. ಅಮೃತ ಮಹಲ್ ದುಡಿಮೆಯ ತಳಿ, ಅದರ ಹಾಲು ಕರುವಿಗೆ ಸಾಕಾದರೆ ಹೆಚ್ಚು. 1970ರಲ್ಲಿ ಕ್ಷೀರ ಕ್ರಾಂತಿಯ ಯೋಜನೆ ಶುರುವಾಯಿತು. 1974ರಲ್ಲಿ ರಾಜ್ಯದ ಡೇರಿ ಅಭಿವೃದ್ಧಿ ನಿಗಮ, 1984ರಲ್ಲಿ ಹಾಲು ಮಹಾಮಂಡಳ ಬಂದವು. ಶಿವಮೊಗ್ಗದ ಒಕ್ಕೂಟದ ಅಡಿಯಲ್ಲಿ ನಮ್ಮ ಎರಡೂ ಜಿಲ್ಲೆಗಳ ಊರೂರಿನಲ್ಲಿ ಡೇರಿ ಎದ್ದಿತು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುವಿನ ದೊಡ್ಡ ಕೆಚ್ಚಲು ಎಷ್ಟೋ ಮನೆಗಳ ಸಾಲ ತೀರಿಸಿದೆ, ಮಕ್ಕಳನ್ನು ಓದಿಸಿದೆ. ಅದನ್ನು ಮರೆತು ಮಿಶ್ರತಳಿಯನ್ನು ದೂರುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಹೆಚ್ಚು ಹಾಲು ಕೊಡುವ ಕೆಚ್ಚಲಿಗೆ ಸೋಂಕೂ ಬೇಗ ತಗಲುತ್ತದೆ.

ಡೇರಿಯಲ್ಲಿ ಮೊದಲಿನಿಂದ ನೋಡಿದ್ದು ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಹಾಲಿನ ಕೊಬ್ಬು ಮತ್ತು ಕೊಬ್ಬು ಬಿಟ್ಟು ಉಳಿದ ಘನಾಂಶ. ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿದ್ದದ್ದು ಮುಂದೆ 5 ರೂಪಾಯಿಗೆ ಏರಿತು. ಅದೂ ಲೀಟರಿನ ಲೆಕ್ಕವೇ. ಸೋಂಕು ತಗಲಿದ ಕೆಚ್ಚಲು ಹಾಲಿಗೆ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಮಿಲಿಲೀಟರಿಗೆ ಎರಡು ಲಕ್ಷ ಜೀವಕೋಶ ದಾಟಿದರೆ ಸೋಂಕಿನ ಗುಮಾನಿ. ಯುರೋಪಿನ ಒಕ್ಕೂಟ ಹಸಿ ಹಾಲಿಗೆ ನಾಲ್ಕು ಲಕ್ಷದ ಮಿತಿ ಇಟ್ಟುಕೊಂಡಿದೆ. ನಮ್ಮೂರ ಡೇರಿಯ ಚೀಟಿಯಲ್ಲಿ ಆ ಅಂಕಿಗೆ ಜಾಗವೇ ಇಲ್ಲ. ಸಂಕಟದ ಸಂಗತಿ ಇನ್ನೊಂದಿದೆ. ಸೋಂಕಿನಿಂದ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇಳಿಯುತ್ತದೆ, ಜೊತೆಗೆ ಎಸ್‌ಎನ್‌ಎಫ್ ಕೂಡ. ದರ ಕಡಿಮೆಯಾದ ಚೀಟಿ ಹಿಡಿದು ನಿಂತ ಹೆಣ್ಣುಮಗಳಿಗೆ "ನೀರು ಬೆರೆಸಿದಿರಾ?" ಎಂಬ ಪ್ರಶ್ನೆ ಎದುರಾಗುತ್ತದೆ. ಹಸುವಿನ ರೋಗಕ್ಕೆ ಅವಳ ಪ್ರಾಮಾಣಿಕತೆ ದಂಡ ತೆರುತ್ತದೆ.

ಪತ್ತೆ ಹಚ್ಚುವುದು ಕಷ್ಟವೂ ಅಲ್ಲ. ಕ್ಯಾಲಿಫೋರ್ನಿಯಾ ಪರೀಕ್ಷೆ ಬಂದದ್ದು 1957ರಲ್ಲಿ. ಹೊಳಲ್ಕೆರೆ ಕಡೆಯ ಕೊಟ್ಟಿಗೆಯೊಂದರಲ್ಲಿ ಅದನ್ನು ಹತ್ತಿರದಿಂದ ನೋಡಿದೆ. ನಾಲ್ಕು ಬಟ್ಟಲುಗಳ ಪ್ಲಾಸ್ಟಿಕ್ ತಟ್ಟೆ, ಒಂದೊಂದು ಬಟ್ಟಲಿಗೆ ಒಂದೊಂದು ತೊಟ್ಟಿನ ಹಾಲು, ಅಷ್ಟೇ ಅಳತೆಯ ನೇರಳೆ ದ್ರಾವಣ. ತಟ್ಟೆಯನ್ನು ಮೆಲ್ಲಗೆ ತಿರುಗಿಸುತ್ತಿದ್ದಂತೆ ಮೂರು ಬಟ್ಟಲುಗಳಲ್ಲಿ ಹಾಲು ನೀರಿನಂತೆ ಓಡಾಡಿತು. ನಾಲ್ಕನೆಯದರಲ್ಲಿ ಲೋಳೆಯಾಗಿ, ಗಂಜಿಯಂತೆ ನಡುವೆ ಗುಡ್ಡೆ ಕಟ್ಟಿತು. ಆ ಮನೆಯ ಅಜ್ಜಿ ಬಗ್ಗಿ ನೋಡಿ, "ಇದೇ ಹಾಲನ್ನಲ್ಲವೇ ಇವತ್ತು ಬೆಳಿಗ್ಗೆ ಡೇರಿಗೆ ಹಾಕಿದ್ದು!" ಎಂದರು. ಬಟ್ಟೆ ಒಗೆಯುವ ಪುಡಿಯ ಶೇ 3ರ ದ್ರಾವಣದಲ್ಲೂ ಹೆಚ್ಚುಕಡಿಮೆ ಹೀಗೇ ಗೊತ್ತಾಗುತ್ತದೆ.

ಹರಡುವ ದಾರಿ ಹಾಲು ಕರೆಯುವ ಹೊತ್ತಿನಲ್ಲೇ ಇದೆ. ಒಂದೇ ಬಟ್ಟೆಯಿಂದ ಎಲ್ಲ ಕೆಚ್ಚಲುಗಳನ್ನೂ ಒರೆಸುತ್ತೇವೆ. ಹೆಬ್ಬೆರಳು ಮಡಚಿ ಹಿಂಡುವ ರೂಢಿ ತೊಟ್ಟಿನ ಒಳಗನ್ನು ಗಾಯಗೊಳಿಸುತ್ತದೆ, ಮುಷ್ಟಿಯಲ್ಲಿ ಹಿಡಿದು ಕರೆಯುವುದು ಅದಕ್ಕಿಂತ ಹಿತ. ಕರೆದ ಮೇಲೆ ಸುಮಾರು ಅರ್ಧ ಗಂಟೆ ತೊಟ್ಟಿನ ಬಾಯಿ ಪೂರ್ತಿ ಮುಚ್ಚಿರುವುದಿಲ್ಲ. ಆಗಲೇ ಹಸು ಸಗಣಿ ಗಂಜಲದ ಮೇಲೆ ಮಲಗಿದರೆ ರೋಗಾಣುವಿಗೆ ಬಾಗಿಲು ತೆರೆದಂತೆ. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲೇ ರೂಪುಗೊಂಡ ಕ್ರಮದಲ್ಲಿ ಕರೆದ ಕೂಡಲೇ ತೊಟ್ಟನ್ನು ಔಷಧದಲ್ಲಿ ಅದ್ದುವುದು, ಮುಂದಿನ ಕರುವಿಗೆ ಮೊದಲು ಕರೆಯುವುದನ್ನು ನಿಲ್ಲಿಸುವಾಗ ಕೆಚ್ಚಲಿಗೆ ಔಷಧ ಏರಿಸುವುದು ಸೇರಿದ್ದವು. ನಮ್ಮಲ್ಲಿ ಹಾಲು ಕೆಟ್ಟ ಮೇಲೆ ಆ್ಯಂಟಿಬಯೋಟಿಕ್ ಸೂಜಿಯೇ ಮೊದಲ ಮದ್ದಾಗಿ ಉಳಿದಿದೆ, ಆ ಔಷಧದ ಉಳಿಕೆಯಿರುವ ಹಾಲನ್ನು ಕೆಲವು ದಿನ ಚೆಲ್ಲಬೇಕಾದ ನಷ್ಟ ಬೇರೆ.

ಮರುದಿನದಿಂದ ಆ ಅಜ್ಜಿ ಹಾಲು ಕರೆದ ಕೂಡಲೇ ಹಸುವಿನ ಮುಂದೆ ಜೋಳದ ಸೊಪ್ಪೆ ಹಾಕತೊಡಗಿದರು, ತಿನ್ನುವಷ್ಟು ಹೊತ್ತು ಅದು ನಿಂತೇ ಇರಲಿ ಎಂದು. ಆ ನಾಲ್ಕನೆಯ ತೊಟ್ಟನ್ನು ಕೊನೆಗೆ, ಬೇರೆ ಪಾತ್ರೆಗೆ ಕರೆಯುತ್ತಿದ್ದಾರೆ.