ದುಂಡು ಮಗುವಿನ ರಕ್ತನಾಳದೊಳಗೆ

“ಬೆಳೆಯೋ ಮಗು, ಎತ್ತರ ಆದ ಮೇಲೆ ತಾನಾಗಿ ಕರಗುತ್ತೆ ಬಿಡಿ.” ಈ ಮಾತು ಕೇಳದ ಮನೆ ಇಲ್ಲ. ಮಗು ಮೈಕೈ ತುಂಬಿಕೊಂಡಿದೆ ಎಂದು ಯಾರಾದರೂ ಅಂದರೆ ದೃಷ್ಟಿಯಾದೀತೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತೇವೆ. ಟೇಪು ತಂದು ಸೊಂಟ ಅಳೆಯುವವರು ಕಡಿಮೆ. ಹೃದ್ರೋಗ ನಡುವಯಸ್ಸಿನವರ ಕಾಯಿಲೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಎದೆನೋವು ನಡುವಯಸ್ಸಿನಲ್ಲಿ ಬರುತ್ತದೆ, ನಿಜ. ರಕ್ತನಾಳ ಕೆಡಲು ಶುರುವಾಗುವುದು ಮಾತ್ರ ಪ್ರೈಮರಿ ಶಾಲೆಯ ದಿನಗಳಲ್ಲೇ. ಇದು ಹೊಸ ಸಂಗತಿಯೂ ಅಲ್ಲ.

1953ರಲ್ಲಿ ಅಮೆರಿಕದ ಸೇನಾ ವೈದ್ಯರು ಕೊರಿಯಾ ಯುದ್ಧದಲ್ಲಿ ಸತ್ತ 300 ಸೈನಿಕರ ಹೃದಯಗಳನ್ನು ಬಿಡಿಸಿ ನೋಡಿದ ವರದಿ ಪ್ರಕಟವಾಯಿತು. ಸತ್ತವರ ಸರಾಸರಿ ವಯಸ್ಸು 22. ನೂರರಲ್ಲಿ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ಬರಿಗಣ್ಣಿಗೇ ಕಾಣುವಷ್ಟು ರೋಗದ ಗುರುತಿತ್ತು. ಇಪ್ಪತ್ತೆರಡಕ್ಕೆ ಇಷ್ಟಾಗಿದ್ದರೆ ಶುರುವಾದದ್ದು ಯಾವಾಗ? ಇದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಲೂಸಾ ಎಂಬ ಸಣ್ಣ ಊರಿನಲ್ಲಿ. ಅಲ್ಲಿನ ಮಕ್ಕಳ ತೂಕ, ಬಿಪಿ, ರಕ್ತದ ಕೊಬ್ಬನ್ನು ವರ್ಷಗಟ್ಟಲೆ ದಾಖಲಿಸುವ ಅಧ್ಯಯನವನ್ನು ಡಾ. ಜೆರಾಲ್ಡ್ ಬೆರೆನ್ಸನ್ 1973ರಲ್ಲಿ ಆರಂಭಿಸಿದರು. ಮುಂದೆ ಅಪಘಾತ ಮುಂತಾದ ಕಾರಣಗಳಿಂದ ತೀರಿಕೊಂಡ, 2ರಿಂದ 39 ವಯಸ್ಸಿನ 204 ಮಂದಿಯ ಶವಪರೀಕ್ಷೆಯ ವಿವರ 1998ರಲ್ಲಿ ಹೊರಬಂತು. ಹದಿನೈದರೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಜನರ ಹೃದಯದ ರಕ್ತನಾಳಗಳಲ್ಲಿ ಹಳದಿ ಕೊಬ್ಬಿನ ಗೆರೆಗಳಿದ್ದವು. ನೂರಕ್ಕೆ 8 ಮಕ್ಕಳಲ್ಲಿ ಆ ಗೆರೆ ಆಗಲೇ ನಾರುಗಟ್ಟಿತ್ತು.

ಗೆರೆ ಮೂಡಿದ ಮಕ್ಕಳಿಗೆಲ್ಲ ಹೃದಯಾಘಾತ ಆಗುವುದಿಲ್ಲ. ಎಷ್ಟೋ ಗೆರೆಗಳು ಹಾಗೆಯೇ ಉಳಿಯುತ್ತವೆ, ಕೆಲವು ಮಾಯವೂ ಆಗುತ್ತವೆ. ಲೆಕ್ಕಕ್ಕೆ ಬರುವುದು ಅವು ಎಷ್ಟು ಜಾಗ ಆಕ್ರಮಿಸಿವೆ ಎಂಬುದು. ಅದೇ ಅಧ್ಯಯನದಲ್ಲಿ, ಹೆಚ್ಚಿದ ತೂಕ, ಬಿಪಿ, ರಕ್ತದ ಕೊಬ್ಬು, ಧೂಮಪಾನ ಇವುಗಳಲ್ಲಿ ಒಂದೂ ಇಲ್ಲದವರ ಹೃದಯದ ರಕ್ತನಾಳದಲ್ಲಿ ಗೆರೆಗಳು ಆವರಿಸಿದ್ದು ಶೇ. 1.3 ಭಾಗ, ಮೂರು ನಾಲ್ಕು ಸೇರಿಕೊಂಡವರಲ್ಲಿ ಶೇ. 11. ಬೊಜ್ಜು ಬಂದ ಮಗುವಿನಲ್ಲಿ ಇವು ಒಂದರ ಬೆನ್ನಿಗೊಂದು ಬರುತ್ತವೆ.

ಕೊಬ್ಬು ನಾಳದೊಳಗೆ ಹರಿದು ಬಂದು ಮೇಲ್ಮೈಗೆ ಅಂಟಿಕೊಳ್ಳುತ್ತದೆ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಅದು ತಪ್ಪು. ಸುಣ್ಣ ಬಳಿದ ಗೋಡೆಯೊಳಗೆ ನೀರಿಳಿದರೆ ಹೊರಪದರ ಉಬ್ಬುತ್ತದಲ್ಲ, ಕೆಡುಕು ನಡೆಯುವುದು ಹಾಗೆ, ಗೋಡೆಯ ಒಳಗೆ. ನಾಳದ ಒಳಮೈಗೆ ಒಂದೇ ಒಂದು ಕೋಶದಷ್ಟು ದಪ್ಪದ ಪದರವಿದೆ, ಹೆಸರು ಎಂಡೋಥೀಲಿಯಂ. ಅದು ಕ್ಷಣಕ್ಷಣವೂ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ನಾಳ ಹಿಗ್ಗುವುದು, ಬಿಳಿ ರಕ್ತಕಣಗಳು ಅಂಟದೆ ಜಾರಿಹೋಗುವುದು ಇದರಿಂದಲೇ. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂರುವ ದಾಸ್ತಾನಲ್ಲ. ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ, ಕೊಬ್ಬಿನಾಮ್ಲಗಳನ್ನು ನೇರ ಯಕೃತ್ತಿಗೆ ಸುರಿಯುತ್ತದೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿ ಮಾಡಿ ಹೊರಗೆ ಕಳಿಸುತ್ತದೆ. ಆಗ ಒಳ್ಳೆಯ ಕೊಬ್ಬೆನ್ನುವ ಎಚ್‌ಡಿಎಲ್ ಇಳಿಯುತ್ತದೆ, ಕೆಟ್ಟ ಕೊಬ್ಬೆನ್ನುವ ಎಲ್‌ಡಿಎಲ್ ಕಣಗಳು ಚಿಕ್ಕದಾಗಿ ಸಾಂದ್ರವಾಗುತ್ತವೆ. ಇತ್ತ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ತಗ್ಗಿ ನೈಟ್ರಿಕ್ ಆಕ್ಸೈಡ್ ಉತ್ಪಾದನೆಯೂ ಕುಸಿಯುತ್ತದೆ. ಕಾವಲು ಸಡಿಲವಾದ ಪದರದೊಳಕ್ಕೆ ಆ ಚಿಕ್ಕ ಕಣಗಳು ನುಸುಳಿ, ಅಲ್ಲೇ ಸಿಕ್ಕಿಬಿದ್ದು, ಆಕ್ಸೀಕರಣಗೊಳ್ಳುತ್ತವೆ. ಹಿಂದೆಯೇ ಬಂದ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಅವನ್ನು ನುಂಗುತ್ತಲೇ ಹೋಗುತ್ತವೆ, ಅರಗಿಸಿಕೊಳ್ಳಲಾರದೆ ಕೊಬ್ಬಿನ ಹನಿಗಳಿಂದ ಉಬ್ಬಿ ನೊರೆಕೋಶಗಳಾಗುತ್ತವೆ. ಬೊಗಲೂಸಾದ ಮಕ್ಕಳಲ್ಲಿ ಕಂಡ ಹಳದಿ ಗೆರೆ ಎಂದರೆ ಈ ನೊರೆಕೋಶಗಳ ಗುಂಪು. ಮಗುವಿಗೆ ನೋವಿಲ್ಲ, ಸುಸ್ತಿಲ್ಲ. ಇಸಿಜಿಯಲ್ಲೂ ಏನೂ ಕಾಣುವುದಿಲ್ಲ.

ಹೃದಯದ ಸ್ನಾಯುವಿನ ಕಥೆ ಬೇರೆ. ದೇಹ ದೊಡ್ಡದಾದಷ್ಟೂ ರಕ್ತದ ಪ್ರಮಾಣ ಹೆಚ್ಚು, ತಳ್ಳುವ ಕೆಲಸ ಹೆಚ್ಚು. ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಂಡು ಬಿಪಿ ಏರುತ್ತದೆ. ಎರಡೂ ಸೇರಿ, ರಕ್ತವನ್ನು ಮೈಗೆಲ್ಲ ತಳ್ಳುವ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿದರೆ ಶಾಲಾ ಮಕ್ಕಳಲ್ಲೂ ಇದು ಕಾಣುತ್ತದೆ.

ಮಕ್ಕಳ ಬಿಪಿ ನೋಡುವಾಗ ಎಡವಟ್ಟಾಗುವುದು ತೋಳಿಗೆ ಸುತ್ತುವ ಪಟ್ಟಿಯಲ್ಲಿ, ಅಂದರೆ ಕಫ್ಫಿನಲ್ಲಿ. ಕಫ್ಫಿನೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40ರಷ್ಟಾದರೂ ಇರಬೇಕು, ಉದ್ದ ಶೇ. 80ರಿಂದ 100. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮಗು ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮಾತಾಡದೆ ಐದು ನಿಮಿಷ ಕೂತ ಮೇಲೆ ಬಲತೋಳಿನಲ್ಲಿ ನೋಡಬೇಕು. ಹದಿಮೂರು ತುಂಬಿದವರಲ್ಲಿ ಬೇರೆ ಬೇರೆ ದಿನ ಮೂರು ಸಲ 130/80 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಏರುಬಿಪಿಯೇ. ಅದಕ್ಕಿಂತ ಚಿಕ್ಕವರಿಗೆ ವಯಸ್ಸು, ಎತ್ತರಕ್ಕೆ ತಕ್ಕ ಕೋಷ್ಟಕ ಬೇರೆ ಇದೆ.

ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ ಲೆಕ್ಕದಲ್ಲೂ ಒಂದು ದೊಡ್ಡ ತಪ್ಪಾಗುತ್ತದೆ. ಹತ್ತು ವರ್ಷದ ಹುಡುಗ, ಎತ್ತರ 140 ಸೆಂ.ಮೀ., ತೂಕ 47 ಕೆ.ಜಿ. ಎಂದಿಟ್ಟುಕೊಳ್ಳಿ. 47ನ್ನು 1.4ರ ವರ್ಗದಿಂದ ಭಾಗಿಸಿದರೆ 24. ಮೊಬೈಲಿನ ಆ್ಯಪ್ “ನಾರ್ಮಲ್” ಎಂದು ಹಸಿರು ತೋರಿಸಬಹುದು, ಏಕೆಂದರೆ ಅದರಲ್ಲಿರುವುದು ದೊಡ್ಡವರ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಹತ್ತರ ಹುಡುಗನಿಗೆ 18.5 ದಾಟಿದರೆ ಅತಿತೂಕ, 21.4 ದಾಟಿದರೆ ಬೊಜ್ಜು. ಇನ್ನೂ ಸುಲಭದ್ದು ಟೇಪು: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ ಅಳೆಯಿರಿ. ಸೊಂಟದ ಅಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಿರಬಾರದು.

ಕತ್ತಿನ ಹಿಂಭಾಗವನ್ನೂ ನೋಡಿ. ಕಪ್ಪಗೆ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪಗಿರುವ ಪಟ್ಟಿ ಇದ್ದರೆ ಅದು ಕೊಳೆಯಲ್ಲ. ಕಡಲೆಹಿಟ್ಟು, ನಿಂಬೆಸಿಪ್ಪೆ ಹಾಕಿ ಉಜ್ಜಿ ಉಜ್ಜಿ ಮಗುವಿನ ಚರ್ಮ ಸುಲಿಯುವ ತಾಯಂದಿರಿದ್ದಾರೆ. ದಪ್ಪಗಿರುವ ಮಗುವಿನಲ್ಲಿ ಅದು ಇನ್ಸುಲಿನ್ ಕೆಲಸ ಕೆಡುತ್ತಿರುವುದರ ಗುರುತು. ಸಕ್ಕರೆ, ಕೊಬ್ಬು, ಯಕೃತ್ತಿನ ಪರೀಕ್ಷೆ ಮಾಡಿಸಬೇಕು. ಹತ್ತು ದಾಟಿದವರಲ್ಲಿ (ಡೆಸಿಲೀಟರಿಗೆ ಮಿ.ಗ್ರಾಂ ಲೆಕ್ಕದಲ್ಲಿ) ಎಲ್‌ಡಿಎಲ್ 110ರ ಕೆಳಗೆ, ಟ್ರೈಗ್ಲಿಸರೈಡ್ 90ರ ಕೆಳಗೆ ಇರುವುದು ಒಳ್ಳೆಯದು. 130 ಮುಟ್ಟಿದರೆ ಎರಡೂ ಹೆಚ್ಚೆಂದೇ ಲೆಕ್ಕ. ಲ್ಯಾಬಿನ ಚೀಟಿಯಲ್ಲಿ ಅಚ್ಚಾಗಿರುವುದು ಬಹುಪಾಲು ದೊಡ್ಡವರ ಮಿತಿ. “ಥೈರಾಯ್ಡ್ ಇರಬೇಕು” ಎಂದು ಸಮಾಧಾನ ಮಾಡಿಕೊಳ್ಳುವವರು ಎತ್ತರ ನೋಡಲಿ: ಹಾರ್ಮೋನು ಕೊರತೆಯಿಂದ ದಪ್ಪಗಾದ ಮಗು ಸಾಮಾನ್ಯವಾಗಿ ಕುಳ್ಳಗೆ ಉಳಿಯುತ್ತದೆ, ತಿಂದು ದಪ್ಪಗಾದದ್ದು ಓರಗೆಯವರಿಗಿಂತ ಎತ್ತರವಿರುತ್ತದೆ.

ನಮ್ಮವರಿಗೆ ಇನ್ನೊಂದು ತೊಡಕಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿಟ್ಟಿತ್ತು. ಅಲ್ಲಿ 1934–54ರ ನಡುವೆ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು, 3.1 ಕೆ.ಜಿ. ಮೀರಿದವರಲ್ಲಿ ಶೇ. 3. ದೆಹಲಿಯಲ್ಲಿ ಹುಟ್ಟಿದ ಮಕ್ಕಳನ್ನು ಮೂವತ್ತರ ಆಸುಪಾಸಿನವರೆಗೆ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ಹೇಳಿದ್ದು: ಎರಡು ವರ್ಷದವರೆಗೆ ಸಣಕಲಾಗಿದ್ದು, ಹನ್ನೆರಡರೊಳಗೆ ಬಿಎಂಐ ಏರುತ್ತಾ ಹೋದವರಿಗೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು. ಹನ್ನೆರಡರ ವಯಸ್ಸಿನಲ್ಲಿ ಅವರಲ್ಲಿ ಯಾರೂ ಬೊಜ್ಜಿನವರೇ ಆಗಿರಲಿಲ್ಲ. ಹೀಗಾಗಿ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವನ್ನು ತುಪ್ಪ, ಬಿಸ್ಕತ್ತು ತಿನ್ನಿಸಿ ದುಂಡಗೆ ಮಾಡುವ ಆತುರ ಬೇಡ.

ಸಂತೋಷದ ಸಂಗತಿ ಎಂದರೆ ಎಂಡೋಥೀಲಿಯಂ ಬೇಗ ಚೇತರಿಸಿಕೊಳ್ಳುತ್ತದೆ. ತೋಳಿಗೆ ಐದು ನಿಮಿಷ ಕಫ್ ಬಿಗಿದು ಬಿಟ್ಟಾಗ ನಾಳ ಎಷ್ಟು ಹಿಗ್ಗುತ್ತದೆಂದು ಅಲ್ಟ್ರಾಸೌಂಡಿನಲ್ಲಿ ಅಳೆಯಬಹುದು. ಹಾಂಗ್‌ಕಾಂಗ್‌ನಲ್ಲಿ 9ರಿಂದ 12 ವಯಸ್ಸಿನ 82 ದಪ್ಪ ಮಕ್ಕಳಿಗೆ ಊಟದ ಪಥ್ಯ, ಕೆಲವರಿಗೆ ಜೊತೆಗೆ ವ್ಯಾಯಾಮ ಮಾಡಿಸಿದರು. ಆರೇ ವಾರಕ್ಕೆ ನಾಳದ ಹಿಗ್ಗುವಿಕೆ ಸುಧಾರಿಸಿತು. ವ್ಯಾಯಾಮ ಸೇರಿದವರಲ್ಲಿ ಇನ್ನೂ ಹೆಚ್ಚು. ವರ್ಷವಿಡೀ ವ್ಯಾಯಾಮ ಮುಂದುವರಿಸಿದವರಲ್ಲಿ ಕತ್ತಿನ ರಕ್ತನಾಳದ ಗೋಡೆಯ ದಪ್ಪವೂ ಕಡಿಮೆಯಿತ್ತು. 6,328 ಮಂದಿಯನ್ನು ಬಾಲ್ಯದಿಂದ ಹಿಂಬಾಲಿಸಿದ 2011ರ ವಿಶ್ಲೇಷಣೆಯ ಪ್ರಕಾರ, ಚಿಕ್ಕಂದಿನಲ್ಲಿ ದಪ್ಪಗಿದ್ದು ದೊಡ್ಡವರಾಗುವ ಹೊತ್ತಿಗೆ ಬೊಜ್ಜಿನಿಂದ ಪಾರಾದವರ ಅಪಾಯ, ಎಂದೂ ದಪ್ಪಗಿಲ್ಲದವರಷ್ಟೇ.

ಜೇನು-ನಿಂಬೆ ನೀರು ಕೊಬ್ಬು ಕರಗಿಸುವುದಿಲ್ಲ. ಜೇನೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ, ಮನೆಯಲ್ಲಿ ಹಿಂಡಿದ ಹಣ್ಣಿನ ರಸವೂ. ದಿನಕ್ಕೆ 1,800 ಕ್ಯಾಲೊರಿ ಬೇಕಾದ ಮಗುವಿಗೆ ಇಂಥ ಸಕ್ಕರೆ 22 ಗ್ರಾಂ ಒಳಗಿದ್ದರೆ ಒಳ್ಳೆಯದು. 250 ಮಿ.ಲೀ. ಕೋಲಾ ಒಂದರಲ್ಲೇ 26 ಗ್ರಾಂ ಇರುತ್ತದೆ. ಮೊದಲು ನಿಲ್ಲಬೇಕಾದ್ದು ಇದು. ಆಮೇಲೆ ದಿನಕ್ಕೆ ಒಂದು ಗಂಟೆ ಬೆವರು ಬರುವಂತೆ ಆಟ. ಊಟ ತಪ್ಪಿಸುವುದು, ಉಪವಾಸ ಹಾಕುವುದು ಬೇಡವೇ ಬೇಡ, ಬೆಳವಣಿಗೆ ಕುಂಠಿತವಾಗುತ್ತದೆ. ಬೊಜ್ಜು ವಿಪರೀತವಿಲ್ಲದ ಮಗುವಿನಲ್ಲಿ ತೂಕ ಇಳಿಸುವ ಅಗತ್ಯವೂ ಅನೇಕ ಸಲ ಇರುವುದಿಲ್ಲ, ಏರದಂತೆ ಹಿಡಿದರೆ ಸಾಕು. ಮೇಲೆ ಹೇಳಿದ 47 ಕೆ.ಜಿ. ಹುಡುಗ ಎರಡು ವರ್ಷ ಅದೇ ತೂಕದಲ್ಲಿ ನಿಂತು 11 ಸೆಂ.ಮೀ. ಬೆಳೆದರೆ ಅವನ ಬಿಎಂಐ 24ರಿಂದ 20.6ಕ್ಕೆ ಬರುತ್ತದೆ. ಹನ್ನೆರಡರ ಹುಡುಗನಿಗೆ ಬೊಜ್ಜಿನ ಗೆರೆ 23.6.